ಕೋಡಿಯಿದ್ದ ಕೆರೆಗೆ ನೀರುಗಂಟಿ ಏಕೆ?

ಮಧುಗಿರಿಯ ಏಕಶಿಲಾ ಬೆಟ್ಟದ ಮೇಲಿನ ಬಿಸಿಲು ಇಳಿಯುವ ಹೊತ್ತಿಗೆ ಊರ ಹೊರಗೆ ಒಂದೆರಡು ಮೈಲಿ ನಡೆದು ಬರುವುದು ನನ್ನ ಬಹುದಿನಗಳ ಅಭ್ಯಾಸ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಕಡೆಯ ಆಕಾಶಕ್ಕೂ ಸ್ವಲ್ಪ ಸಂಚಾರ ಬಂದಿದೆ. ಕತ್ತಲು ಕವಿಯುವಾಗ ಒಂದು ದೀಪ, ಅದರ ಹಿಂದೆ ಇನ್ನೊಂದು ದೀಪ, ಬೆಂಗಳೂರಿನ ದಿಕ್ಕಿಗೆ ಮೆಲ್ಲಗೆ ಸರಿದುಹೋಗುವುದನ್ನು ನೋಡುತ್ತ ನಿಲ್ಲುವುದೂ ಆ ಅಭ್ಯಾಸದ ಒಂದು ಭಾಗವೇ ಆಗಿಬಿಟ್ಟಿದೆ.

ಮೊನ್ನೆ ಜೊತೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಪಾವಗಡ ತಾಲ್ಲೂಕಿನವನು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡು 2,050 ಮೆಗಾವಾಟ್ ಸಾಮರ್ಥ್ಯ ಪಡೆದಿರುವ ಸೋಲಾರ್ ಪಾರ್ಕಿಗೆ ಅವನ ತಂದೆಯ ಹೊಲವೂ ಗುತ್ತಿಗೆಗೆ ಹೋಗಿದೆ. ಉಳದೆ ಬಿತ್ತದೆ ಬಿಸಿಲೇ ಫಸಲಾಗುವುದನ್ನು ಕಣ್ಣಾರೆ ಕಂಡವನಾದ್ದರಿಂದ ಯಂತ್ರದ ವಿಷಯದಲ್ಲಿ ಅವನಿಗೆ ನನಗಿರುವಷ್ಟು ಅಂಜಿಕೆಯಿಲ್ಲ. ಆಕಾಶದ ದೀಪವನ್ನು ತೋರಿಸಿ ಕೇಳಿದ:

“ಸಾರ್, ಈಗ ವಿಮಾನ ತಾನೇ ಹಾರುತ್ತಂತೆ, ತಾನೇ ಇಳಿಯುತ್ತಂತೆ. ಹಾಗಾದ್ರೆ ಮುಂದೆ ಕೂತಿರೋ ಆ ಇಬ್ಬರು ಏನು ಮಾಡ್ತಾರೆ ಸಾರ್? ಜನಕ್ಕೆ ಭಯ ಆಗಬಾರದು ಅಂತ ಕೂರಿಸಿರೋದಾ?”

ಪಂಪನ ವಿಷಯ ಕೇಳಿದ್ದರೆ ಅರ್ಧ ಗಂಟೆ ಬಿಡದೆ ಹೇಳುತ್ತಿದ್ದೆ. ಇದಕ್ಕೆ ಏನು ಹೇಳಲಿ? “ಯೋಚನೆ ಮಾಡಬೇಕಪ್ಪ” ಎಂದು ಸುಮ್ಮನಾದೆ. ಪ್ರಶ್ನೆ ಮಾತ್ರ ಸುಮ್ಮನಾಗದೆ ನನ್ನ ಜೊತೆ ಮನೆಗೇ ಬಂದಿತು.

ಹುಡುಗ ಹೇಳಿದುದರಲ್ಲಿ ಬಹುಭಾಗ ನಿಜ. ಯಂತ್ರ ವಿಮಾನವನ್ನು ಹಿಡಿದು ನಡೆಸುವ ವಿದ್ಯೆ ಇಂದು ನಿನ್ನೆಯದಲ್ಲ. 1914ರ ಜೂನ್ 18ರಂದು, ಪ್ಯಾರಿಸ್ ನಗರದ ಹತ್ತಿರ, ಲಾರೆನ್ಸ್ ಸ್ಪೆರಿ ಎಂಬ ತರುಣ ತನ್ನ ವಿಮಾನವನ್ನು ಯಂತ್ರಕ್ಕೆ ಒಪ್ಪಿಸಿ ಎರಡು ಕೈಗಳನ್ನೂ ಮೇಲೆತ್ತಿ ತೋರಿಸಿದ. 1965ರ ಜೂನ್ 10ರಂದು ಪ್ಯಾರಿಸ್ಸಿನಿಂದ ಲಂಡನ್ನಿಗೆ ಪ್ರಯಾಣಿಕರನ್ನು ಹೊತ್ತು ಬಂದ ಟ್ರೈಡೆಂಟ್ ವಿಮಾನವನ್ನು ಯಂತ್ರವೇ ನೆಲಕ್ಕೆ ಮುಟ್ಟಿಸಿತು. ಈಗಂತೂ ವಿಮಾನ ನೆಲ ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ಪೈಲಟ್ಟರು ಅದನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಇಳಿಯುವುದಕ್ಕೆ ಕೆಲವು ನಿಮಿಷ ಮುಂಚೆ ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಮಂಜು ದಟ್ಟವಾಗಿ ಕಣ್ಣು ಕಾಣದ ಬೆಳಗಿನಲ್ಲಿ, ತಕ್ಕ ಸಲಕರಣೆಯಿರುವ ನಿಲ್ದಾಣದಲ್ಲಿ, ಇಳಿಸುವ ಕೆಲಸವನ್ನೂ ಯಂತ್ರಕ್ಕೇ ಬಿಡುತ್ತಾರೆ. ಏಕೆಂದರೆ ಅಲ್ಲಿ ಯಂತ್ರ ಮನುಷ್ಯನಿಗಿಂತ ಮೇಲು. ಹಿಂದೆ ದೊಡ್ಡ ವಿಮಾನದ ಮುಂಗೋಣೆಯಲ್ಲಿ ರೇಡಿಯೋ ನೋಡುವವನೊಬ್ಬ, ದಾರಿ ಲೆಕ್ಕ ಹಾಕುವವನೊಬ್ಬ, ಎಂಜಿನ್ನಿನ ಮೇಲೆ ಕಣ್ಣಿಟ್ಟಿರುವವನೊಬ್ಬ ಇರುತ್ತಿದ್ದರು. ಒಬ್ಬೊಬ್ಬರಾಗಿ ಎದ್ದುಹೋಗಿ ಈಗ ಇಬ್ಬರು ಉಳಿದಿದ್ದಾರೆ. ಆ ಇಬ್ಬರಲ್ಲಿ ಒಬ್ಬ ಸಾಕೇ ಎಂಬ ಚರ್ಚೆಯೂ ನಡೆದಿದೆ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ, “ಯಂತ್ರ ಕೆಟ್ಟರೆ ಮನುಷ್ಯ ಬೇಕಲ್ಲ” ಎಂಬುದು. ಉತ್ತರ ಸುಳ್ಳಲ್ಲ, ಆದರೆ ಸಾಲದು. ಮನುಷ್ಯನೂ ಕೆಡುತ್ತಾನೆ. ನಿದ್ದೆ ಮಾಡುತ್ತಾನೆ, ಗಾಬರಿಯಾಗುತ್ತಾನೆ, ಹಟಕ್ಕೆ ಬೀಳುತ್ತಾನೆ. ಯಂತ್ರಕ್ಕೆ ಈ ಯಾವ ರೋಗವೂ ಇಲ್ಲ. ಕೆಡುವುದರ ಲೆಕ್ಕವನ್ನೇ ಹಾಕುತ್ತ ಹೋದರೆ ವಾದದಲ್ಲಿ ಹುಡುಗನೇ ಗೆದ್ದಾನು. ಕೈಚಳಕದ ಪ್ರಶ್ನೆಯನ್ನು ಬದಿಗಿಟ್ಟು ಬೇರೆ ಪ್ರಶ್ನೆಯನ್ನು ಕೇಳಿಕೊಳ್ಳಬೇಕು ಎಂದು ನನಗೆ ತೋರಿತು. ಅದನ್ನು ಕೇಳಿಕೊಳ್ಳುವುದಕ್ಕೆ ನಮ್ಮೂರ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ನಾನು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ನಮ್ಮ ಸೀಮೆಯಲ್ಲಿ ಮಳೆ ಕಡಮೆ. ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡು ಬದುಕಬೇಕು. ಹಿಂದಿನವರು ಅದಕ್ಕಾಗಿ ಕಟ್ಟಿದ ಕೆರೆಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿವೆ. ಪಟ್ಟಣದ ವಾಚಕರಿಗೆ ಕೆರೆಯ ಅಂಗಗಳ ಪರಿಚಯ ಕಡಮೆಯಿರಬಹುದಾದ್ದರಿಂದ ಎರಡು ಮಾತು ಹೇಳುತ್ತೇನೆ. ನೀರಿಗೆ ಅಡ್ಡವಾಗಿ ಹಾಕಿದ ಮಣ್ಣಿನ ದಿಣ್ಣೆ ಏರಿ. ಬೇಕಾದಾಗ ತೆರೆದು ಗದ್ದೆಗೆ ನೀರು ಬಿಡುವ ಬಾಯಿ ತೂಬು. ಏರಿಯ ಒಂದು ತುದಿಯಲ್ಲಿ, ಏರಿಗಿಂತ ತಗ್ಗಾಗಿ, ಕಲ್ಲಿನಲ್ಲಿ ಕಟ್ಟಿದ ದಾರಿ ಕೋಡಿ. ಕೆರೆ ತುಂಬಿ ಮಟ್ಟ ಮೀರಿದ ನೀರು ಯಾರ ಅಪ್ಪಣೆಗೂ ಕಾಯದೆ ಕೋಡಿಯ ಮೇಲೆ ತಾನಾಗಿಯೇ ಹರಿದು ಹೋಗುತ್ತದೆ. ಕೀಲಿಲ್ಲ, ಕೊಂಡಿಯಿಲ್ಲ, ಎಚ್ಚರವಿರಬೇಕಾದ ಮನುಷ್ಯನಿಲ್ಲ. ಸ್ವಯಂಚಾಲಿತ ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ನಮ್ಮವರು ಕಟ್ಟಿದ ಸ್ವಯಂಚಾಲಿತ ಸಾಧನ ಅದು.

ಇಷ್ಟಿದ್ದೂ ಪ್ರತಿ ಕೆರೆಗೂ ಒಬ್ಬ ನೀರುಗಂಟಿಯನ್ನು ಇಟ್ಟಿದ್ದರು. ಹನ್ನೆರಡು ಮಂದಿ ಆಯಗಾರರಲ್ಲಿ ಆತನೂ ಒಬ್ಬ. ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವುದು ಆತನ ದಿನದ ಕೆಲಸ. ಮಳೆಯ ರಾತ್ರಿ ಗೋಣಿಯ ಕೊಪ್ಪೆ ಹಾಕಿಕೊಂಡು, ಕೈಯಲ್ಲೊಂದು ಲಾಂದ್ರ ಹಿಡಿದು, ಏರಿಯ ಉದ್ದಕ್ಕೂ ಓಡಾಡುವುದು ಇನ್ನೊಂದು ಕೆಲಸ. ನೂರು ರಾತ್ರಿಗಳಲ್ಲಿ ತೊಂಬತ್ತೊಂಬತ್ತು ರಾತ್ರಿ ಆತ ಮಾಡುವುದೇನೂ ಇರುವುದಿಲ್ಲ. ನೀರು ಕೋಡಿಯ ಮೇಲೆ ಹರಿಯುತ್ತದೆ, ಆತ ನೋಡುತ್ತಾನೆ, ಅಷ್ಟೆ.

ನಾನು ಹೈಸ್ಕೂಲಿನಲ್ಲಿದ್ದಾಗ ನೂರನೆಯ ರಾತ್ರಿ ಬಂದಿತು. ಚಿತ್ತೆ ಮಳೆ ಸಂಜೆಯಿಂದ ಒಂದೇ ಸಮನೆ ಹೊಯ್ಯುತ್ತಿತ್ತು. ಎಲ್ಲಿಂದಲೋ ತೇಲಿಬಂದ ಮರವೊಂದು ಕೋಡಿಯ ಬಾಯಿಗೆ ಅಡ್ಡಬಿದ್ದು, ಅದಕ್ಕೆ ಲಾಂಟಾನದ ಪೊದೆ ಸಿಕ್ಕಿಕೊಂಡು, ನೀರಿನ ದಾರಿ ಕಟ್ಟಿತು. ಕೆರೆ ಏರುತ್ತ ಹೋಯಿತು. ಏರಿಯ ಹೊರಮೈಯಲ್ಲಿ, ನಡುಮಧ್ಯದಲ್ಲಿ, ಒಂದು ಕಡೆ ನೀರು ಜಿನುಗುತ್ತಿದ್ದುದನ್ನು ನೀರುಗಂಟಿ ಕಂಡ. ಬೊಗಸೆಯಲ್ಲಿ ಹಿಡಿದು ಲಾಂದ್ರದ ಬೆಳಕಿಗೆ ಒಡ್ಡಿದ. ಜಿನುಗುವುದು ತಿಳಿನೀರಾದರೆ ಅಷ್ಟು ಚಿಂತೆಯಿಲ್ಲ; ಕೆಸರುನೀರಾದರೆ ಏರಿಯ ಮಣ್ಣೇ ಒಳಗಿಂದ ಕರಗಿ ಬರುತ್ತಿದೆ ಎಂದರ್ಥ. ಅದು ಕೆಸರುನೀರು. ಮಗನನ್ನು ಊರೊಳಕ್ಕೆ ಓಡಿಸಿದ. ಆದರೆ ಊರು ಎದ್ದು ಬರುವ ತನಕ ಕಾಯಲಿಲ್ಲ. ಗುದ್ದಲಿ ತೆಗೆದುಕೊಂಡು ಕೋಡಿಯ ಪಕ್ಕದ ಮಣ್ಣನ್ನು ಕಡಿದುಬಿಟ್ಟ. ನೀರು ಆ ಕಡೆಗೆ ನುಗ್ಗಿ, ತೆನೆ ಬಿಟ್ಟು ನಿಂತಿದ್ದ ನಾಲ್ಕೈದು ಮನೆಗಳ ಭತ್ತವನ್ನು ಕೊಚ್ಚಿಕೊಂಡು ಹೋಯಿತು. ಅದರಲ್ಲಿ ನಮ್ಮದೂ ಒಂದು.

ಬೆಳಗ್ಗೆ ಅರಳಿಕಟ್ಟೆಯಲ್ಲಿ ಜನ ಸೇರಿದರು. ಏರಿ ನೆಟ್ಟಗೆ ನಿಂತಿತ್ತು. ಬೆಳೆ ಹೋದವರಿಗೆ ಸಿಟ್ಟು ಬಾರದಿರುತ್ತದೆಯೇ? ಒಬ್ಬರು ಕೇಳಿದರು: “ಏರಿ ಒಡೀತಿತ್ತು ಅಂತ ಕಂಡೋರು ಯಾರಯ್ಯ?” ಆ ಮುದುಕ ಕೈಕಟ್ಟಿಕೊಂಡು ನಿಂತು ಹೇಳಿದ: “ಯಾರೂ ಕಾಣಲಿಲ್ಲ ಸ್ವಾಮಿ. ಏರಿ ಮ್ಯಾಲೆ ನಾನೊಬ್ಬನೇ ಇದ್ದೆ. ಕಡಿದೋನೂ ನಾನೇ.”

ಆಗ ನನಗೂ ಆತನ ಮೇಲೆ ಕೋಪವೇ. ನಮ್ಮ ಗದ್ದೆ ಹೋಗಿತ್ತಲ್ಲ! ಆ ಎರಡು ವಾಕ್ಯಗಳಲ್ಲಿ ಏನಿತ್ತೆಂಬುದು ಮನಸ್ಸಿಗೆ ಇಳಿಯಲು ಎಷ್ಟೋ ವರ್ಷ ಬೇಕಾಯಿತು.

ಈಗ ಕೆರೆಯಿಂದ ವಿಮಾನಕ್ಕೆ ಬರೋಣ. ನೀರುಗಂಟಿಯ ಕಣ್ಣು ಒಂದು ಗಳಿಗೆ ತಪ್ಪಿದರೆ ಏನಾಗುತ್ತದೆಂಬುದನ್ನು ಬೆಂಗಳೂರು ಕಂಡಿದೆ. 1990ರ ಫೆಬ್ರವರಿ 14ರ ಮಧ್ಯಾಹ್ನ, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-320 ವಿಮಾನ ಎಚ್.ಎ.ಎಲ್. ನಿಲ್ದಾಣದ ರನ್‌ವೇಯನ್ನು ಮುಟ್ಟದೆ ಅದಕ್ಕೂ ಮುಂಚಿನ ಗಾಲ್ಫ್ ಮೈದಾನದಲ್ಲಿ ಬಿದ್ದಿತು. 146 ಜನರಲ್ಲಿ 92 ಮಂದಿ ಸತ್ತರು. ಮೋಡವಿರಲಿಲ್ಲ, ಮಂಜಿರಲಿಲ್ಲ, ರನ್‌ವೇ ಕಣ್ಣೆದುರಿಗೇ ಇದ್ದಿತು. ಎಂಜಿನ್ನು ಕೆಟ್ಟಿರಲಿಲ್ಲ. ಆಗ ಆ ಮಾದರಿ ನಮ್ಮ ದೇಶಕ್ಕೆ ಹೊಸದು. ಕಂಪ್ಯೂಟರುಗಳೇ ಅದರ ನರನಾಡಿಗಳು. ಯಂತ್ರ ಎಂಜಿನ್ನುಗಳನ್ನು ತೀರ ತಗ್ಗಿನ ಶಕ್ತಿಗೆ ಇಳಿಸಿ ಕೆಳಗಿಳಿಯುವ ಒಂದು ಕ್ರಮದಲ್ಲಿತ್ತು. ವೇಗ ಕುಗ್ಗುತ್ತಿದ್ದುದನ್ನು ಮುಂದಿದ್ದವರು ಕಂಡು ಎಂಜಿನ್ನಿಗೆ ಪೂರ್ಣ ಶಕ್ತಿ ಕೊಡುವ ವೇಳೆಗೆ ಹೊತ್ತು ಮೀರಿತ್ತು. ಅಷ್ಟು ದೊಡ್ಡ ಎಂಜಿನ್ನು ಶಕ್ತಿ ತುಂಬಿಕೊಳ್ಳಲು ಕೆಲವು ಸೆಕೆಂಡುಗಳಾದರೂ ಬೇಕು.

ವಿಮಾನ ಆ ಕ್ರಮಕ್ಕೆ ಹೋದುದಾದರೂ ಹೇಗೆ? ವಿಚಾರಣೆಯಲ್ಲಿ ಮುಂದಿಟ್ಟ ಒಂದು ಸಂಭವ ಇದು: ನಿಮಿಷಕ್ಕೆ 700 ಅಡಿಯಂತೆ ಇಳಿ ಎಂದು ಒಂದು ತಿರುಪನ್ನು ತಿರುಗಿಸಬೇಕಾದಲ್ಲಿ, 700 ಅಡಿ ಎತ್ತರಕ್ಕೆ ಇಳಿ ಎಂದು ಇನ್ನೊಂದು ತಿರುಪನ್ನು ತಿರುಗಿಸಿರಬಹುದು. ಬೆಂಗಳೂರಿನ ಆ ನಿಲ್ದಾಣ ಸಮುದ್ರಮಟ್ಟಕ್ಕಿಂತ ಸುಮಾರು 2,900 ಅಡಿ ಎತ್ತರದಲ್ಲಿದೆ. 700 ಅಡಿ ಎಂದರೆ ಭೂಮಿಯ ಒಳಗೆ, ಎರಡು ಸಾವಿರ ಅಡಿಗೂ ಆಳದಲ್ಲಿ! “ಇಲ್ಲಿ ನೆಲವಿದೆಯಲ್ಲ ಸ್ವಾಮಿ, ಅಷ್ಟು ಕೆಳಕ್ಕೆ ಹೇಗೆ ಹೋಗಲಿ?” ಎಂದು ಎತ್ತಿನ ಗಾಡಿಯ ಎತ್ತಾದರೂ ಕೇಳಿಯೇ ಕೇಳುತ್ತಿತ್ತು. ಯಂತ್ರ ಕೇಳುವುದಿಲ್ಲ. ಹೇಳಿದ್ದನ್ನು ಮಾಡುತ್ತದೆ.

ನಮ್ಮ ಕವಿಗಳು ಇದನ್ನು ಯೋಚಿಸಿರಲಿಲ್ಲವೆಂದು ತಿಳಿಯಬಾರದು. ರಾಮಾಯಣದ ಪುಷ್ಪಕಕ್ಕೆ ಸಾರಥಿಯಿಲ್ಲ. ಒಡೆಯನ ಮನಸ್ಸೇ ಅದಕ್ಕೆ ಕಡಿವಾಣ. ಕುಬೇರನಿಗೆ ಹೇಗೋ ಹಾಗೆಯೇ ಅವನಿಂದ ಕಿತ್ತುಕೊಂಡ ರಾವಣನಿಗೂ ಅದು ವಿಧೇಯ. ಆದರೆ ಯುದ್ಧಕಾಂಡದಲ್ಲಿ ಒಂದು ಸಂದರ್ಭವಿದೆ. ರಾಮಲಕ್ಷ್ಮಣರು ಸರ್ಪಾಸ್ತ್ರಕ್ಕೆ ಸಿಕ್ಕಿ ಬಿದ್ದಿರುವುದನ್ನು ಸೀತೆಗೆ ತೋರಿಸಲು ಅವಳನ್ನು ಪುಷ್ಪಕದಲ್ಲಿ ಕೂರಿಸಿ ಕರೆದೊಯ್ಯುತ್ತಾರೆ. ಸೀತೆ ಗೋಳಾಡುವಾಗ ತ್ರಿಜಟೆ ಸಮಾಧಾನ ಹೇಳುತ್ತಾಳೆ: ಅವರು ನಿಜವಾಗಿ ಸತ್ತಿದ್ದರೆ ಈ ವಿಮಾನ ನಿನ್ನನ್ನು ಹೊರುತ್ತಲೇ ಇರಲಿಲ್ಲ ಎಂದು. ತಾನೇ ಹಾರುವ ವಿಮಾನವನ್ನು ಕಲ್ಪಿಸಿದ ವಾಲ್ಮೀಕಿಯು ಅದಕ್ಕೆ ‘ಒಲ್ಲೆ’ ಎನ್ನುವ ಶಕ್ತಿಯನ್ನೂ ಕೊಟ್ಟ. ಹೊರಬಾರದ್ದನ್ನು ಹೊರದಿರುವ ವಿವೇಕವಿಲ್ಲದಿದ್ದರೆ ಸಾರಥಿಯನ್ನು ಇಳಿಸಿ ಕಳುಹಿಸುವಂತಿಲ್ಲ ಎಂಬುದು ಆತನಿಗೆ ಹೊಳೆದಿರಬೇಕು.

ಹಾಗಾದರೆ ಯಂತ್ರಕ್ಕೇ ‘ಒಲ್ಲೆ’ ಎನ್ನುವುದನ್ನು ಕಲಿಸಿದರಾಯಿತಲ್ಲ ಎಂದು ನನ್ನ ವಿದ್ಯಾರ್ಥಿ ಕೇಳಿಯಾನು. ಕಲಿಸಿದ್ದಾರೆ, ಅದರಿಂದ ಎಷ್ಟೋ ಜೀವ ಉಳಿದಿದೆ ಕೂಡ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಿದ್ದೇವೆ. ಬೋಯಿಂಗ್ 737 ಮ್ಯಾಕ್ಸ್ ಎಂಬ ವಿಮಾನದಲ್ಲಿ, ಮೂಗು ಅತಿಯಾಗಿ ಮೇಲಕ್ಕೆದ್ದಿತೆಂದು ಕಂಡರೆ ತಾನಾಗಿಯೇ ಅದನ್ನು ಕೆಳಕ್ಕೆ ಒತ್ತುವ ಏರ್ಪಾಟೊಂದನ್ನು ಇಟ್ಟರು. ಅದು ನಂಬಿಕೊಂಡದ್ದು ಒಂದೇ ಒಂದು ಅಳತೆಯ ಸಾಧನವನ್ನು. ಅಂಥದೊಂದು ಏರ್ಪಾಟು ಒಳಗಿದೆಯೆಂದು ಪೈಲಟ್ಟರ ಕೈಪಿಡಿಯಲ್ಲಿ ಮೊದಲು ಬರೆದಿರಲೂ ಇಲ್ಲ. 2018ರ ಅಕ್ಟೋಬರ್ 28ರ ರಾತ್ರಿ ಇಂಡೊನೇಷ್ಯದ ಒಂದು ವಿಮಾನದಲ್ಲಿ ಆ ಅಳತೆ ಸುಳ್ಳು ಹೇಳಿತು. ವಿಮಾನ ಮತ್ತೆಮತ್ತೆ ಮೂಗು ತಗ್ಗಿಸಿತು. ಅಂದು ಕೆಲಸವಿಲ್ಲದೆ ಸುಮ್ಮನೆ ಮುಂಗೋಣೆಯಲ್ಲಿ ಕುಳಿತು ಬರುತ್ತಿದ್ದ ಮೂರನೆಯ ಪೈಲಟ್ಟನೂ ಸೇರಿ, ಆ ಚಕ್ರವನ್ನು ತಿರುಗಿಸುತ್ತಿದ್ದ ವಿದ್ಯುತ್ತನ್ನೇ ಕಡಿದು, ವಿಮಾನವನ್ನು ಜಕಾರ್ತಕ್ಕೆ ಸುರಕ್ಷಿತವಾಗಿ ತಲಪಿಸಿದರು. ಮರುದಿನ ಬೆಳಗ್ಗೆ ಅದೇ ವಿಮಾನ ಬೇರೆಯವರ ಕೈಯಲ್ಲಿ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ ಅದೇ ಮಾದರಿಯ ಇನ್ನೊಂದು ವಿಮಾನ ಬಿದ್ದು 157 ಜನ ಸತ್ತರು. ಅಲ್ಲಿ ಮನುಷ್ಯ ‘ಒಲ್ಲೆ’ ಎನ್ನುತ್ತಿದ್ದ, ಯಂತ್ರ ‘ಒಲ್ಲೆ’ ಎನ್ನುತ್ತಿತ್ತು, ಯಂತ್ರ ಗೆದ್ದಿತು.

ಇಷ್ಟು ಹೇಳಿ ಮನುಷ್ಯನ ಕೊರಳಿಗೆ ಹಾರ ಹಾಕಿ ಕೂತುಬಿಟ್ಟರೆ ಅದು ಪ್ರಾಮಾಣಿಕವಾಗದು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯ ಗುಡ್ಡದಿಂದ ಕಂದರಕ್ಕೆ ಉರುಳಿ 166 ಜನರಲ್ಲಿ 158 ಮಂದಿ ಸತ್ತರು. ವಿಚಾರಣೆಯಿಂದ ತಿಳಿದುಬಂದ ಸಂಗತಿ ಹೀಗಿದೆ: ದಾರಿಯಲ್ಲಿ ಮುಖ್ಯ ಚಾಲಕ ಒಂದೂವರೆ ಗಂಟೆಗೂ ಮಿಕ್ಕಿ ನಿದ್ದೆ ಮಾಡಿದ್ದ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದಿತು. ಯಂತ್ರ ಎಚ್ಚರಿಕೆಯ ದನಿ ತೆಗೆಯಿತು. ಇಳಿಸುವುದು ಬೇಡ, ಮೇಲೇರಿಸಿ ಇನ್ನೊಂದು ಸುತ್ತು ಬರೋಣ ಎಂದು ಸಹಚಾಲಕ ಮೂರು ಬಾರಿ ಹೇಳಿದ. ಮುಖ್ಯ ಚಾಲಕ ಕೇಳಲಿಲ್ಲ. ಸುಮಾರು ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಐದು ಸಾವಿರ ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು.

ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಕರ್ಣನ ರಥ ಕಣ್ಣಿಗೆ ಕಟ್ಟುತ್ತದೆ. ಗುರಿ ತಪ್ಪಿದೆ, ಸರಿಮಾಡಿ ಹೂಡು ಎಂದು ಶಲ್ಯ ಹೇಳುತ್ತಾನೆ. ಒಮ್ಮೆ ಹೂಡಿದ ಬಾಣವನ್ನು ಮತ್ತೆ ಹೂಡುವವನಲ್ಲ ಎನ್ನುತ್ತಾನೆ ಕರ್ಣ. ನಮ್ಮ ಕನ್ನಡ ಕವಿಗಳ ಶಲ್ಯ ರಥದಿಂದ ಇಳಿದು ಹೋಗುತ್ತಾನೆ. ಆಕಾಶದ ರಥದಿಂದ ಇಳಿದು ಹೋಗುವಂತಿಲ್ಲವಲ್ಲ! ಅಲ್ಲಿ ಕಿರಿಯನಾದವನು ಹೇಳಿದರೆ ಸಾಲದು. ವೇಳೆ ಬಂದರೆ ಹಿರಿಯನ ಕೈಯಿಂದ ಲಗಾಮನ್ನು ತೆಗೆದುಕೊಳ್ಳಲೂಬೇಕು. ಹಿರಿಯರ ಎದುರಿಗೆ ದನಿಯೆತ್ತಬಾರದೆಂದು ಮಕ್ಕಳಿಗೆ ಕಲಿಸುವ ನಾವು, ನಾನೂ ಸೇರಿದಂತೆ, ಇದನ್ನು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಇನ್ನೂ ಕಠಿನವಾದ ಸಂಗತಿಯೊಂದಿದೆ. 2015ರ ಮಾರ್ಚ್ 24ರಂದು ಯೂರೋಪಿನಲ್ಲಿ ಒಬ್ಬ ಸಹಚಾಲಕ, ಹೊರಗೆ ಹೋಗಿದ್ದ ಮುಖ್ಯ ಚಾಲಕ ಒಳಗೆ ಬಾರದಂತೆ ಬಾಗಿಲು ಭದ್ರಪಡಿಸಿ, ತನ್ನೊಡನೆ 149 ಜನರನ್ನು ಆಲ್ಪ್ಸ್ ಪರ್ವತಕ್ಕೆ ಬಡಿದು ಕೊಂದ. ‘ಚಾಲಕನ ಜೀವವೂ ನಮ್ಮ ಜೀವದ ಜೊತೆಗೇ ಇದೆ, ಆದ್ದರಿಂದ ನಾವು ಕ್ಷೇಮ’ ಎಂಬ ನಂಬಿಕೆಯ ಬುಡವನ್ನೇ ಈ ಘಟನೆ ಅಲುಗಿಸುತ್ತದೆ. ಆದರೆ ಅಲ್ಲಿಯೂ ಆತ ಯಂತ್ರಕ್ಕೆ ಹೇಳಿದ್ದೇನೆಂದು ನೋಡಿ: 100 ಅಡಿ ಎತ್ತರಕ್ಕೆ ಇಳಿ ಎಂದು. ಕೆಳಗೆ ಪರ್ವತವಿತ್ತು. ಯಂತ್ರ ತಕ್ಷಣ ವಿಧೇಯವಾಗಿ ಇಳಿಯತೊಡಗಿತು. ಮುಚ್ಚಿದ ಬಾಗಿಲಿನ ಆಚೆ ನಿಂತು ಅದನ್ನು ಬಡಿಯುತ್ತಿದ್ದವನು ಮತ್ತೊಬ್ಬ ಮನುಷ್ಯ. ಒಬ್ಬ ಸಾಕು ಎನ್ನುವವರು ಇದನ್ನು ಮರೆಯಬಾರದು. ಇಬ್ಬರಿರುವುದು ನಾಲ್ಕು ಕೈಗಳು ಬೇಕೆಂದಲ್ಲ. ಒಬ್ಬನ ಮತಿ ಕೆಟ್ಟಾಗ ಇನ್ನೊಬ್ಬನ ಮತಿ ಇರಲೆಂದು.

ಬೆಂಗಳೂರಿನಲ್ಲಿ ಬಿದ್ದದ್ದು ಎ-320 ಮಾದರಿ ಎಂದೆನಷ್ಟೆ. ಅದೇ ಮಾದರಿಯ ಇನ್ನೊಂದು ವಿಮಾನ 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಮೇಲೇರಿದ ಕೂಡಲೆ ಹಕ್ಕಿಗಳ ಹಿಂಡಿಗೆ ಸಿಕ್ಕಿ ಎರಡು ಎಂಜಿನ್ನುಗಳ ಶಕ್ತಿಯನ್ನೂ ಕಳೆದುಕೊಂಡಿತು. ಮೂರೂವರೆ ನಿಮಿಷದೊಳಗೆ ಅದು ಹಡ್ಸನ್ ನದಿಯ ಮೇಲೆ ಇಳಿಯಿತು. 155 ಜನರೂ ಬದುಕಿದರು. ಹಿಂದಿರುಗಿ ನಿಲ್ದಾಣ ಸೇರಬಹುದಿತ್ತೇ ಎಂದು ಆಮೇಲೆ ಕೃತಕ ವಿಮಾನದಲ್ಲಿ ಪರೀಕ್ಷೆ ಮಾಡಿದರು. ಹಕ್ಕಿ ಬಡಿದ ಕ್ಷಣದಲ್ಲೇ ತಿರುಗಿದವರಲ್ಲಿ ಕೆಲವರು ನಿಲ್ದಾಣ ಸೇರಿದರು. ಆದರೆ ಏನಾಯಿತೆಂದು ತಿಳಿಯಲು ಮನುಷ್ಯನಿಗೆ ಬೇಕಾದ 35 ಸೆಕೆಂಡು ಕೊಟ್ಟು ನೋಡಿದಾಗ ಊರಿನ ಮೇಲೇ ಬೀಳಬೇಕಾಯಿತು. ನದಿಗೆ ಇಳಿಯುವಾಗ ಹಿಡಿತ ತಪ್ಪದಂತೆ ವಿಮಾನದ ಕಂಪ್ಯೂಟರು ನೆರವಾದುದನ್ನೂ ಹೇಳಬೇಕು. ಯಂತ್ರದ ಪಾಲನ್ನು ಯಂತ್ರಕ್ಕೆ ಕೊಡುವುದು ನ್ಯಾಯ. ಆದರೆ ‘ನಿಲ್ದಾಣ ಬೇಡ, ನದಿಗೆ’ ಎಂಬ ತೀರ್ಮಾನ ಯಾವ ಕಂಪ್ಯೂಟರಿನದೂ ಅಲ್ಲ. ತಪ್ಪಾಗಿದ್ದರೆ ಅದು ಆ ಚಾಲಕನ ತಪ್ಪಾಗುತ್ತಿತ್ತು.

ನಾನು ಹೇಳಬೇಕೆಂದಿರುವುದು ಇದೇ. ಕೆಲಸ ಬೇರೆ, ಹೊಣೆ ಬೇರೆ. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಒಪ್ಪಿಸಬೇಕು ಕೂಡ. ನೀರನ್ನು ಕೋಡಿಗೆ ಒಪ್ಪಿಸದೆ ನೀರುಗಂಟಿ ಬಕೆಟ್ಟಿನಲ್ಲಿ ಎತ್ತಿ ಹಾಕಲಾದೀತೇ? ಆದರೆ ‘ಕಡಿದೋನೂ ನಾನೇ’ ಎನ್ನಲು ಕೋಡಿಗೆ ಬಾಯಿಲ್ಲ. ಹೊಣೆಯೆಂದರೆ ಆಗಿಹೋದುದಕ್ಕೆ ದಂಡ ತೆರುವುದಷ್ಟೇ ಅಲ್ಲ. ಆಗುವುದಕ್ಕೆ ಮುಂಚೆ ‘ನಾಳೆ ನಾನು ಉತ್ತರ ಹೇಳಬೇಕು’ ಎಂಬ ಅರಿವಿನಿಂದ ಹುಟ್ಟುವ ಎಚ್ಚರ. ಆ ಎಚ್ಚರವೇ ಮುದುಕನ ಕೈಯಿಂದ ಕೆಸರುನೀರನ್ನು ಬೊಗಸೆಯಲ್ಲಿ ಹಿಡಿಸಿದ್ದು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಹೊಣೆ ಹೊರುವವನಿಗೆ ಗುದ್ದಲಿಯನ್ನೂ ಕೊಡಬೇಕು. ಕೆರೆಯ ಗುಣವನ್ನು ತಿಳಿಸಬೇಕು. ಅಗೆಯುವ ರೂಢಿ ತಪ್ಪದಂತೆ ನೋಡಿಕೊಳ್ಳಬೇಕು. ಇದೇನನ್ನೂ ಕೊಡದೆ ಏರಿಯ ಮೇಲೆ ಒಬ್ಬನನ್ನು ಹೆಸರಿಗೆ ನಿಲ್ಲಿಸಿ, ಏರಿ ಒಡೆದ ದಿನ ‘ನೀನಿದ್ದೆಯಲ್ಲ’ ಎಂದು ಅವನನ್ನೇ ಹಿಡಿದರೆ ಅದು ಅನ್ಯಾಯ. ಒಳಗೆ ಏನಿದೆಯೆಂದೇ ಹೇಳದೆ ವಿಮಾನ ಕೊಟ್ಟವರು ಮಾಡಿದ್ದು ಇದನ್ನೇ. ಯಂತ್ರವೇ ಎಲ್ಲವನ್ನೂ ಮಾಡುತ್ತಿದ್ದರೆ ಮನುಷ್ಯನ ಕೈ ಮರೆಯುತ್ತದೆ, ಕಣ್ಣು ತೂಗುತ್ತದೆ. ಪೈಲಟ್ಟರು ಆಗಾಗ ಕೃತಕ ವಿಮಾನದಲ್ಲಿ ಕುಳಿತು, ಎಂದೂ ಬಾರದಿರಲಿ ಎಂದು ಹಾರೈಸುವ ಆಪತ್ತುಗಳನ್ನು ಅಭ್ಯಾಸ ಮಾಡುವುದು ಅದಕ್ಕಾಗಿ. ಅದು ಖರ್ಚಿನ ಬಾಬತ್ತು. ಆ ಖರ್ಚನ್ನು ಉಳಿಸಿ ಮನುಷ್ಯನನ್ನು ಬೊಂಬೆಯಂತೆ ಕೂರಿಸುವುದಾದರೆ ಹುಡುಗ ಕೇಳಿದ ‘ಜನಕ್ಕೆ ಭಯ ಆಗಬಾರದು ಅಂತ ಕೂರಿಸಿರೋದಾ’ ಎಂಬುದೇ ಸತ್ಯವಾಗಿಬಿಡುತ್ತದೆ.

ಇದನ್ನೆಲ್ಲ ಆಕಾಶದಲ್ಲಿರುವವರಿಗೆ ಮಾತ್ರ ಹೇಳುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ಶಿರಾ ಕಡೆಯ ಒಬ್ಬ ವಿದ್ಯಾರ್ಥಿನಿಯ ಆಂತರಿಕ ಅಂಕ 18 ಇದ್ದದ್ದು ಕಂಪ್ಯೂಟರಿನಿಂದ ಅಚ್ಚಾಗಿ ಬಂದ ಪಟ್ಟಿಯಲ್ಲಿ 8 ಆಗಿತ್ತು. ‘ಪರಿಶೀಲಿಸಿದೆ’ ಎಂದು ಅಚ್ಚಾಗಿದ್ದ ಕಡೆ ನಾನು ರುಜು ಹಾಕಿದೆ. ಪರಿಶೀಲಿಸಿರಲಿಲ್ಲ. ಕಂಪ್ಯೂಟರು ತಪ್ಪುತ್ತದೆಯೇ ಎಂಬ ಉದಾಸೀನ. ಆ ಹುಡುಗಿ ಒಂದು ವಿಷಯದಲ್ಲಿ ಫೇಲಾದಳು; ಅದನ್ನು ತಿದ್ದಿಸುವಷ್ಟರಲ್ಲಿ ಬಿ.ಎಡ್. ಪ್ರವೇಶದ ಕಾಲ ಮೀರಿ ಒಂದು ವರ್ಷ ಹೋಯಿತು. “ಕಂಪ್ಯೂಟರಿನ ತಪ್ಪಮ್ಮ” ಎಂದೆ. ಆಕೆ ತಲೆ ತಗ್ಗಿಸಿಕೊಂಡೇ “ರುಜು ನಿಮ್ಮದಿದೆ ಸಾರ್” ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ದಿನ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ. ಅಂದಿನಿಂದ ಪ್ರತಿ ಅಂಕವನ್ನೂ ಬೆರಳಿಟ್ಟು ನೋಡುತ್ತೇನೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿಯೇ ಇರುತ್ತದೆ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಯಂತ್ರ ಬರೆದು ಕೊಟ್ಟ ಹಾಳೆಗೆ ರುಜು ಹಾಕುವ ನಮ್ಮಲ್ಲಿ ಪ್ರತಿಯೊಬ್ಬರೂ ಯಾವುದೋ ಒಂದು ಏರಿಯ ಮೇಲೆ ಲಾಂದ್ರ ಹಿಡಿದು ನಿಂತವರೇ.

ಮರುದಿನ ಸಂಜೆ ವಿದ್ಯಾರ್ಥಿಗೆ ಕೆರೆಯ ಕಥೆಯನ್ನು ಹೇಳಿದೆ. ಗಮನವಿಟ್ಟು ಕೇಳಿದ. ಬೆಟ್ಟದ ಆಚೆ ಒಂದು ವಿಮಾನದ ದೀಪ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದ:

“ಸಾರ್, ಅವತ್ತು ಏರಿ ನಿಜವಾಗ್ಲೂ ಒಡೀತಿತ್ತಾ?”

“ಗೊತ್ತಿಲ್ಲಪ್ಪ. ಕಡಿದದ್ದರಿಂದ ಒಡೆಯಲಿಲ್ಲ; ಒಡೆಯದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರೋಣ?”

ಅವನಿಗೆ ಹೇಳದೆ ಉಳಿದ ಮಾತೊಂದಿದೆ. ಆ ವರ್ಷ ಸುಗ್ಗಿಯಲ್ಲಿ ನಮ್ಮ ಕಣಕ್ಕೆ ಭತ್ತ ಬರಲಿಲ್ಲ. ಆಯಗಾರರು ಬರುವ ದಿನ ನೀರುಗಂಟಿ ನಮ್ಮ ಮನೆಯ ಕಡೆ ತಲೆಹಾಕಲಿಲ್ಲ. ನಮ್ಮ ತಂದೆ ಮನೆಯಲ್ಲಿದ್ದ ಹಿಂದಿನ ವರ್ಷದ ರಾಗಿಯನ್ನು ಮೊರದಲ್ಲಿ ಹಾಕಿ, ಆತನ ಪಾಲನ್ನು ಅಳೆದು, ಒಂದು ಚೀಲದಲ್ಲಿ ಕಟ್ಟಿ ನನ್ನ ತಲೆಯ ಮೇಲೆ ಹೊರಿಸಿದರು. “ತಾತನ ಮನೇಗೆ ಕೊಟ್ಟು ಬಾ” ಎಂದರು. ನಾನು ಮುಖ ಗಂಟು ಹಾಕಿಕೊಂಡೇ ಹೋದೆ. ಆತ ಮನೆಯಲ್ಲಿರಲಿಲ್ಲ. ಮೋಡ ಕಟ್ಟಿತ್ತು, ಏರಿಯ ಮೇಲೆ ಇದ್ದ.